ಬಿಸಿಲಿನ ತಲೆಗೆ ಕಟ್ಟಿದ ತಪ್ಪು: ಕಲಬುರಗಿ ಗಂಜ್‌ನ ಒಂದು ಹೊಸ ಸರ್ವರ್‌ನ ಪ್ರಕರಣ

ಏಪ್ರಿಲ್ ತಿಂಗಳ ಎರಡನೇ ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ ಮ್ಯಾನೇಜರ್ ಸಾಹೇಬರ ಫೋನ್ ಬಂತು. “ಸರ್, ಹೊಸ ಮಷಿನ್ ಮತ್ತ ಬಂದ್ ಬಿತ್ತು. ತಾನೇ ಚಾಲೂನೂ ಆಯ್ತು. ಬಿಸಿಲು ನೋಡ್ರಿ ಹ್ಯಾಂಗದ, ಮಷಿನ್ ಆದ್ರೂ ಎಷ್ಟಂತ ತಡೀತದ?” ಸರ್ವರ್ ಬಂದು ಆಗ ಒಂಬತ್ತು ದಿನ. ಅಷ್ಟರಲ್ಲಿ ಅದು ಆರನೇ ಸಲ ಹೀಗೆ ಮಾಡಿತ್ತು.

ಇದು ನೆಹರು ಗಂಜ್ ಹತ್ತಿರದ ಒಂದು ಪತ್ತಿನ ಸಹಕಾರಿ ಸಂಘ. ಸದಸ್ಯರಲ್ಲಿ ಹೆಚ್ಚಿನವರು ಗಂಜ್‌ನ ಹಮಾಲರು, ಅಡತಿ ಅಂಗಡಿಯ ಗುಮಾಸ್ತರು, ಕಾಯಿಪಲ್ಯ ಮಾರುವ ಹೆಣ್ಣುಮಕ್ಕಳು. ದಿನಕ್ಕೆ 50, 100 ರೂಪಾಯಿ ಪಿಗ್ಮಿ ಕಟ್ಟುವ ಜನ. ಸಂಜೆ ಐದೂವರೆಯಿಂದ ಏಳರವರೆಗೆ 11 ಮಂದಿ ಏಜೆಂಟರು ಸಾಲಾಗಿ ನಿಂತು, ಕೈಯಲ್ಲಿನ ಪಿಗ್ಮಿ ಯಂತ್ರದಿಂದ ಅಂದಿನ ವಸೂಲಿಯನ್ನು ಸರ್ವರ್‌ಗೆ ಇಳಿಸುತ್ತಾರೆ. ಆ ಒಂದೂವರೆ ತಾಸಿನಲ್ಲಿ ಸರ್ವರ್ ಬಿದ್ದರೆ ಏಜೆಂಟ್ ತನ್ನ ಯಂತ್ರದಲ್ಲಿ ‘ಕಳಿಸಿದೆ’ ಎಂದು ನೋಡುತ್ತಾನೆ, ಖಾತೆಯಲ್ಲಿ ಹಣ ಕಾಣುವುದಿಲ್ಲ. ಮರುದಿನ ಗಂಜ್‌ನಲ್ಲಿ ಅವನು ಮುಖ ತೋರಿಸಬೇಕಾದದ್ದು ಮೂಟೆ ಹೊತ್ತು ದುಡಿದು 100 ರೂಪಾಯಿ ಕೊಟ್ಟವನಿಗೆ. ಈ ಪ್ರಕರಣವನ್ನು ಇಷ್ಟು ವಿವರವಾಗಿ ಬರೆಯುತ್ತಿರುವುದು ಆ ಕಾರಣಕ್ಕೆ.

ಯಂತ್ರದ ವಿವರ ಇಷ್ಟು. ನೆಟ್ಟಗೆ ನಿಲ್ಲುವ ಟವರ್ ಪೆಟ್ಟಿಗೆ, ರೈಜೆನ್ 7000 ಸರಣಿಯ 12 ಕೋರ್ ಪ್ರೊಸೆಸರ್, ದೂರದಿಂದಲೇ ನಿಗಾ ಇಡಲು ಬಿಎಂಸಿ ಎಂಬ ಪುಟ್ಟ ನಿಯಂತ್ರಕ ಇರುವ ಬೋರ್ಡ್, 32 ಜಿಬಿಯ ನಾಲ್ಕು ಡಿಡಿಆರ್5 ಮೆಮೊರಿ ಸ್ಟಿಕ್, ಒಂದಕ್ಕೊಂದು ಪ್ರತಿಬಿಂಬವಾಗಿ ಓಡುವ ಎರಡು ಎಸ್‌ಎಸ್‌ಡಿ. ಮೇಲೆ ಲಿನಕ್ಸ್, ಅದರ ಮೇಲೆ ಪೋಸ್ಟ್‌ಗ್ರೆಸ್ ಡೇಟಾಬೇಸ್. ಬೇರೆ ಊರಿನ ಒಬ್ಬ ಸರಬರಾಜುದಾರರು ಜೋಡಿಸಿ ಕಳಿಸಿದ್ದು. ಇದಕ್ಕೂ ಮೊದಲಿದ್ದ ಹಳೆಯ ಯಂತ್ರ ಅದೇ ಕೋಣೆಯಲ್ಲಿ, ಅದೇ ಯುಪಿಎಸ್ ಮೇಲೆ ಎಂಟು ವರ್ಷ ಓಡಿತ್ತು.

ಬಿಸಿಲು ಎಂಬ ಸುಲಭದ ಉತ್ತರ

ಕಲಬುರಗಿಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಪಾದರಸ 42, 43 ದಾಟುವುದು ಯಾರಿಗೂ ಹೊಸದಲ್ಲ. ಹಾಗಾಗಿ ಇಲ್ಲಿ ಏನು ಕೆಟ್ಟರೂ ಮೊದಲ ಮಾತು ಬಿಸಿಲಿನದೇ. ಸರಬರಾಜುದಾರರೂ ಫೋನಿನಲ್ಲಿ ಅದನ್ನೇ ಅಂದರು, “ನಿಮ್ಮ ಕಡೆ ಹೀಟ್ ಜಾಸ್ತಿ ಸರ್, ಎಸಿ ಹಾಕಿಸಿ.” ಎಸಿ ಇತ್ತು. ಆದರೂ ನಾನು ಮೊದಲ ವಾರವಿಡೀ ಅದೇ ದಾರಿ ಹಿಡಿದೆ. ಪೆಟ್ಟಿಗೆ ಬಿಚ್ಚಿ ನೋಡಿದರೆ ಕೆಲವೇ ದಿನಗಳಲ್ಲಿ ಮುಂದಿನ ಜಾಳಿಗೆಯ ಮೇಲೆ ತೊಗರಿ ಹೊಟ್ಟಿನ ನುಣುಪು ಧೂಳು ಹಳದಿ ಬಟ್ಟೆ ಹಾಸಿದ ಹಾಗೆ ಕೂತಿತ್ತು. ಪಕ್ಕದ ಗೋಡೆಗೆ ಹೊಂದಿಕೊಂಡೇ ಒಂದು ದಾಲ್ ಮಿಲ್ ಇದೆ, ಕಿಟಕಿಯ ಸಂದಿಯಿಂದ ಬರುತ್ತಿತ್ತು. ಸಂದಿ ಮುಚ್ಚಿಸಿದೆವು, ಧೂಳು ಊದಿಸಿದೆವು, ಯಂತ್ರವನ್ನು ಫರ್ಸಿ ನೆಲದಿಂದ ಒಂದಡಿ ಎತ್ತರಿಸಿದೆವು, ಎಸಿಯ ಗಾಳಿ ನೇರ ಮುಂಭಾಗಕ್ಕೆ ತಾಗುವ ಹಾಗೆ ತಿರುಗಿಸಿದೆವು. ಒಳಗೆ ಹೋಗುವ ಗಾಳಿಯ ಉಷ್ಣತೆ ಮೂರು ಡಿಗ್ರಿ ಇಳಿಯಿತು. ಸರ್ವರ್ ಬೀಳುವುದು ಮಾತ್ರ ನಿಲ್ಲಲಿಲ್ಲ.

ಒಂದು ವಾರ ಹೀಗೆ ಹೋಯಿತು. ಅಳೆಯುವ ಮೊದಲೇ ಕಾರಣ ನಂಬಿಕೊಂಡದ್ದು ನನ್ನ ತಪ್ಪು. ಆ ಸೋಮವಾರದ ಫೋನ್ ಬಂದ ಮೇಲೆ ಒಂದು 100 ಪುಟದ ನೋಟ್‌ಬುಕ್ ತಂದು ಕ್ಯಾಷಿಯರ್ ಅಕ್ಕನ ಮೇಜಿನ ಮೇಲೆ ಇಟ್ಟೆ. ಸರ್ವರ್ ಕೈಕೊಟ್ಟ ಪ್ರತಿ ಸಲ ಬರೆಯಬೇಕಾದದ್ದು: ತಾರೀಖು, ಗಡಿಯಾರದ ಸಮಯ, ಪರದೆಯ ಮೇಲೆ ಏನು ಕಂಡಿತು, ಯಂತ್ರ ತಾನೇ ಹೊಸದಾಗಿ ಚಾಲೂ ಆಯಿತೋ ಅಥವಾ ಚಾಲೂ ಇದ್ದೇ ಕೆಲಸ ನಿಲ್ಲಿಸಿತೋ, ಆ ಹೊತ್ತಿಗೆ ಯಾರು ಏನು ಮಾಡುತ್ತಿದ್ದರು, ಲೈಟು ಮಿಣುಕಿತೋ. ಉಷ್ಣತೆಯ ಕಾಲಂ ನಾನು ಬಿಎಂಸಿಯಿಂದ ತುಂಬುತ್ತಿದ್ದೆ. ಅಕ್ಕ ಒಂದು ಸಲವೂ ತಪ್ಪಿಸಲಿಲ್ಲ. 17 ದಿನಗಳಲ್ಲಿ 14 ಸಾಲು ಆದವು.

ಬಿಸಿಲಿನ ವಾದ ನಾಲ್ಕನೇ ಸಾಲಿಗೇ ಬಿತ್ತು. ಆ ಸಾಲಿನ ಸಮಯ ಬೆಳಗಿನ ಜಾವ 3:08. ರಾತ್ರಿ ಮೂರಕ್ಕೆ ಬ್ಯಾಕಪ್ ತಾನಾಗಿ ಶುರುವಾಗುತ್ತದೆ, ಶುರುವಾದ ಎಂಟನೇ ನಿಮಿಷಕ್ಕೆ ಲಿನಕ್ಸ್‌ನ ತಿರುಳಾದ ಕರ್ನೆಲ್ ಸತ್ತಿತ್ತು. ಒಳಗೆ ಹೋಗುವ ಗಾಳಿ ಆಗ 26 ಡಿಗ್ರಿ, ಪ್ರೊಸೆಸರ್ 58. ಡೇಟಾ ಸೆಂಟರ್‌ಗಳಿಗೆ ಹವಾನಿಯಂತ್ರಣ ಎಂಜಿನಿಯರುಗಳ ಆಶ್ರೇ ಸಂಸ್ಥೆ ಶಿಫಾರಸು ಮಾಡುವ ಮಿತಿಯೇ 18ರಿಂದ 27. ಅದೇ ದಿನ ಮಧ್ಯಾಹ್ನ ಮೂರಕ್ಕೆ ಎಸಿಗೆ ಕರೆಂಟ್ ಇಲ್ಲದೆ ಗಾಳಿ 34 ಡಿಗ್ರಿಗೆ ಹೋಗಿತ್ತು, ಯಂತ್ರ ಮಿಸುಕಾಡದೆ ಓಡಿತ್ತು. ಮ್ಯಾನೇಜರ್ ಸಾಹೇಬರಿಗೆ ಆ ಎರಡು ಅಂಕಿಗಳನ್ನು ಪಕ್ಕಪಕ್ಕ ತೋರಿಸಿದೆ. “ಹಾಂಗಾದ್ರ ರಾತ್ರಿ ಮೂರಕ್ಕ ಎಲ್ಲಿ ಬಿಸಿಲು ಬಂತ್ರಿ?” ಅಂತ ಅವರೇ ಕೇಳಿದರು.

ದೊಡ್ಡ ಪ್ರಮಾಣದಲ್ಲಿ ಇದನ್ನು ಅಳೆದು ನೋಡಿದವರೂ ಇದ್ದಾರೆ. ಟೊರಾಂಟೊ ವಿಶ್ವವಿದ್ಯಾಲಯದ ಬಿಯಾಂಕಾ ಶ್ರೋಡರ್ ಮತ್ತು ಗೂಗಲ್‌ನ ಎಂಜಿನಿಯರುಗಳು 2009ರಲ್ಲಿ ಪ್ರಕಟಿಸಿದ ಅಧ್ಯಯನ ಎರಡೂವರೆ ವರ್ಷ ಗೂಗಲ್‌ನ ಸರ್ವರ್‌ಗಳ ಮೆಮೊರಿ ದೋಷಗಳನ್ನು ಎಣಿಸಿತ್ತು. ವರ್ಷಕ್ಕೆ ಶೇಕಡಾ 8ಕ್ಕಿಂತ ಹೆಚ್ಚು ಸ್ಟಿಕ್‌ಗಳಲ್ಲಿ ದೋಷ ಕಂಡಿತ್ತು, ಆದರೆ ಉಷ್ಣತೆಯ ಪರಿಣಾಮ ಅವರೇ ಅಚ್ಚರಿಪಡುವಷ್ಟು ಕಡಿಮೆ ಇತ್ತು. ಶಾಖ ಯಂತ್ರಕ್ಕೆ ಒಳ್ಳೆಯದೆಂದು ಇದರ ಅರ್ಥವಲ್ಲ. ಬಿಸಿಯಿಂದ ಸಾಯುವ ಯಂತ್ರ ಸಾಯುವ ಮೊದಲು ಬಿಸಿಯಾಗಿರುತ್ತದೆ, ಸೆನ್ಸರ್ ಅದನ್ನು ಬರೆದಿಡುತ್ತದೆ. ನಮ್ಮದು ಬರೆದಿರಲಿಲ್ಲ.

ಒಂದಲ್ಲ, ಎರಡು ರೋಗ

14 ಸಾಲುಗಳನ್ನು ಹಾಳೆಯ ಮೇಲೆ ಎರಡು ರಾಶಿ ಮಾಡಿದಾಗ ಅಷ್ಟು ದಿನ ಕಾಣದ್ದು ಕಂಡಿತು. ಐದು ಸಾಲುಗಳಲ್ಲಿ ಯಂತ್ರ ದೀಪ ಆರಿದ ಹಾಗೆ ಆರಿ, ಮತ್ತೆ ತಾನೇ ಎದ್ದಿತ್ತು. ಅವುಗಳಲ್ಲಿ ಲಾಗ್‌ನ ಕೊನೆಯ ಸಾಲು ಯಾವುದೋ ಸಾಮಾನ್ಯ ಕೆಲಸದ್ದು, ಅದರ ಮುಂದೆ ಏನೂ ಇಲ್ಲ. ಎಂಟು ಸಾಲುಗಳಲ್ಲಿ ವಿದ್ಯುತ್ತು ಹೋಗಿರಲೇ ಇಲ್ಲ. ಒಂದೋ ಡೇಟಾಬೇಸಿನ ಒಂದು ಪ್ರಕ್ರಿಯೆ ಸಿಗ್ನಲ್ 11ರಿಂದ, ಎಂದರೆ ಮೆಮೊರಿಯಲ್ಲಿ ಮುಟ್ಟಬಾರದ ಜಾಗ ಮುಟ್ಟಿ, ಸತ್ತಿತ್ತು, ಇಲ್ಲವೇ ಕರ್ನೆಲ್ ಪ್ಯಾನಿಕ್ ಆಗಿ ಪರದೆ ಕಲ್ಲಾಗಿತ್ತು. ಉಳಿದ ಒಂದು ಸಾಲು ಯಾವ ರಾಶಿಗೂ ಸೇರಲಿಲ್ಲ.

ಸಂಘದವರ ಬಾಯಲ್ಲಿ ಎರಡಕ್ಕೂ ಒಂದೇ ಮಾತು, “ಮಷಿನ್ ಬಂದ್ ಬಿತ್ತು.” ಸರಬರಾಜುದಾರರ ಟಿಕೆಟ್‌ನಲ್ಲೂ ಒಂದೇ ಮಾತು. ಹೆಸರು ಒಂದಾದ್ದರಿಂದ ರೋಗವೂ ಒಂದೇ ಎಂದು ನಾವೆಲ್ಲ ಅಂದುಕೊಂಡಿದ್ದೆವು. ಯಾವುದೋ ಒಂದು ಮದ್ದು ಮಾಡಿ, ಮರುದಿನ ಇನ್ನೊಂದು ರಾಶಿಯ ಘಟನೆ ನಡೆದರೆ ‘ಇದೂ ಅಲ್ಲ’ ಎಂದು ಕೈಬಿಡುತ್ತಿದ್ದೆವು. ಎರಡು ರೋಗಗಳು ಒಂದರ ಬೆನ್ನಿಗೆ ಒಂದು ಅಡಗಿದ್ದವು. ಇಡೀ ಪ್ರಕರಣದಲ್ಲಿ ನನ್ನ ಹೆಚ್ಚಿನ ದಿನಗಳನ್ನು ತಿಂದದ್ದು ಇದೇ.

ಟಕ್ ಎಂಬ ಸಪ್ಪಳ

ಮೊದಲ ರಾಶಿ. ಬಿಎಂಸಿ ತನ್ನದೇ ಒಂದು ದಿನಚರಿ ಇಟ್ಟುಕೊಳ್ಳುತ್ತದೆ; ಮುಖ್ಯ ಯಂತ್ರ ಸತ್ತಿದ್ದರೂ ಅದು ಉಳಿದಿರುತ್ತದೆ. ಐಪಿಎಂಐಟೂಲ್ ಎಂಬ ಸಾಧನದಿಂದ ಅದನ್ನು ತೆಗೆದು ನೋಡಿದೆ. ‘ಪವರ್ ಯೂನಿಟ್, ಎಸಿ ಲಾಸ್ಟ್’ ಎಂಬ ದಾಖಲೆಗಳು ಐದು ಇದ್ದವು. ಆದರೆ ಸಮಯ 04:42, 09:10, 04:39. ನೋಟ್‌ಬುಕ್ಕಿನಲ್ಲಿ ಬೆಳಗಿನ ಜಾವ ನಾಲ್ಕೂಮುಕ್ಕಾಲಿಗೆ ಯಾವ ಘಟನೆಯೂ ಇರಲಿಲ್ಲ. ಇದು ಕಾರ್ಖಾನೆಯಲ್ಲಿ ಪರೀಕ್ಷೆ ಮಾಡಿದಾಗಿನ ಹಳೆಯ ದಾಖಲೆ ಇರಬೇಕು ಎಂದುಕೊಂಡು ಒಂದು ದಿನ ಬದಿಗಿಟ್ಟೆ. ಮರುದಿನ ಬಸ್‌ನಲ್ಲಿ ಕೂತಿದ್ದಾಗ ಹೊಳೆಯಿತು: ಬಿಎಂಸಿಯ ಗಡಿಯಾರಕ್ಕೆ ಯಾರೂ ಭಾರತದ ಸಮಯ ಹೇಳಿಕೊಟ್ಟಿಲ್ಲ, ಅದು ಯುಟಿಸಿ ಎಂಬ ಜಾಗತಿಕ ಮೂಲ ಸಮಯದಲ್ಲೇ ಇದೆ. ಐದೂವರೆ ತಾಸು ಕೂಡಿಸಿದರೆ 10:12, 14:40, 10:09. ಅಕ್ಕನ ಕೈಬರಹದ ಸಾಲುಗಳಿಗೆ ನಿಮಿಷ ತಪ್ಪದೆ ಹೊಂದಿದವು.

ಬೆಳಿಗ್ಗೆ ಹತ್ತರ ಮೇಲೆ, ಮಧ್ಯಾಹ್ನ ಊಟದ ಮೇಲೆ. ಅಮಾವಾಸ್ಯೆಯ ದಿನ ಇಲ್ಲ. ಪಕ್ಕದ ಮಿಲ್ ಅಮಾವಾಸ್ಯೆಗೆ ಬಂದ್ ಇರುತ್ತದೆ.

ಸರ್ವರ್ ಕೋಣೆಯ ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡು ಕೂರುವ ಸಿಪಾಯಿ ಕಾಕಾ ಅಷ್ಟೊತ್ತಿಗೆ ಮಾತಾಡಿದರು. “ಮಿಲ್‌ನ್ಯಾಗ ಮೋಟಾರ್ ಎದ್ದಾಗ ಲೈಟ್ ಒಂದೀಟು ಮಂದ ಆಗ್ತದ್ರಿ. ಆ ಡಬ್ಬಿಯೊಳಗ ಟಕ್ ಅಂತದ, ಆಮ್ಯಾಲ ನಿಮ್ಮ ಮಷಿನ್ ಹೋಗ್ತದ. ನಾ ಮೊದಲನೇ ದಿನಾನೇ ಹೇಳೀನ್ರಿ.” ಹೇಳಿದ್ದರು, ನಿಜ. ನಾನು ತಲೆಯಾಡಿಸಿ ಧೂಳು ಊದಲು ಹೋಗಿದ್ದೆ. ಡಬ್ಬಿ ಅಂದರೆ ಯುಪಿಎಸ್, ಟಕ್ ಅಂದರೆ ಅದು ಲೈನಿನಿಂದ ಬ್ಯಾಟರಿಗೆ ಹೊರಳುವಾಗ ಒಳಗಿನ ರಿಲೇ ಮಾಡುವ ಸಪ್ಪಳ.

ದೊಡ್ಡ ಮೋಟಾರನ್ನು ನೇರವಾಗಿ ಚಾಲೂ ಮಾಡಿದರೆ ಏಳುವ ಕ್ಷಣದಲ್ಲಿ ಅದು ಪೂರ್ತಿ ಹೊರೆಯ ಕರೆಂಟಿನ ಐದರಿಂದ ಏಳು ಪಟ್ಟು ಎಳೆಯುತ್ತದೆ. ಅದೇ ಟ್ರಾನ್ಸ್‌ಫಾರ್ಮರ್ ಮೇಲಿರುವ ಅಕ್ಕಪಕ್ಕದವರಿಗೆ ವೋಲ್ಟೇಜ್ ಕುಸಿಯುತ್ತದೆ. ನಮ್ಮ ಪ್ಲಗ್ ಮೀಟರ್‌ನಲ್ಲಿ 228ರಿಂದ 184ಕ್ಕೆ ಇಳಿದದ್ದನ್ನು ನಾನೇ ನೋಡಿದೆ. ಯುಪಿಎಸ್ ತನ್ನ ಕೆಲಸ ಸರಿಯಾಗಿಯೇ ಮಾಡಿತು, ಬ್ಯಾಟರಿಗೆ ಹೊರಳಿತು. ತೊಂದರೆ ಹೊರಳಿದ ಮೇಲಿನದು. ಅದು ಸಾದಾ ಯುಪಿಎಸ್; ಬ್ಯಾಟರಿಯಿಂದ ಕೊಡುವ ಕರೆಂಟಿನ ಅಲೆ ನುಣುಪಾದ ಸೈನ್ ಅಲೆಯಲ್ಲ, ಮೆಟ್ಟಿಲು ಮೆಟ್ಟಿಲಾದದ್ದು. ಹೊಸ ಸರ್ವರ್‌ನ ಪವರ್ ಸಪ್ಲೈನಲ್ಲಿ ಆ್ಯಕ್ಟಿವ್ ಪಿಎಫ್‌ಸಿ ಎಂಬ ಭಾಗವಿದೆ. ಅದು ಒಳಬರುವ ಅಲೆಯ ಆಕಾರವನ್ನು ಅನುಸರಿಸಿ ಕರೆಂಟ್ ಎಳೆಯುತ್ತದೆ. ಹೊರಳುವಾಗಿನ ಕೆಲವು ಮಿಲಿಸೆಕೆಂಡುಗಳ ಖಾಲಿ, ಅದರ ಹಿಂದೆಯೇ ಮೆಟ್ಟಿಲಿನ ಅಲೆ, ಎರಡೂ ಸೇರಿದರೆ ಇಂಥ ಸಪ್ಲೈಗಳಲ್ಲಿ ಕೆಲವು ಕೈಚೆಲ್ಲುತ್ತವೆ. ಹಳೆಯ ಯಂತ್ರದ ಸಪ್ಲೈನಲ್ಲಿ ಆ ಭಾಗವೇ ಇರಲಿಲ್ಲ, ಅದು ಯಾವ ಅಲೆ ಕೊಟ್ಟರೂ ನುಂಗುತ್ತಿತ್ತು. ‘ಎಂಟು ವರ್ಷ ಇದೇ ಯುಪಿಎಸ್ ಮೇಲೆ ನಡೆದಿದೆ’ ಎಂಬ ಮಾತು ಪೂರ್ತಿ ನಿಜ. ಅದರಿಂದ ಯುಪಿಎಸ್ ನಿರ್ದೋಷಿ ಎಂದು ಮಾತ್ರ ಆಗುವುದಿಲ್ಲ.

ಊಹೆ ಸಾಲದು ಎಂದು ಒಂದು ರಾತ್ರಿ ಎಂಟರ ಮೇಲೆ, ಅಂದಿನ ವಸೂಲಿಯೆಲ್ಲ ಇಳಿದು ಪ್ರತಿ ತೆಗೆದಿಟ್ಟು ಡೇಟಾಬೇಸ್ ನಿಲ್ಲಿಸಿದ ಮೇಲೆ, ಯುಪಿಎಸ್‌ನ ಪ್ಲಗ್ಗನ್ನು ಗೋಡೆಯಿಂದ ಕಿತ್ತು ನೋಡಿದೆವು. ಯಂತ್ರ ಸುಮ್ಮನಿದ್ದಾಗ ಐದು ಸಲ ಕಿತ್ತರೂ ಬದುಕಿತು. ಎಲ್ಲ ಕೋರ್‌ಗಳಿಗೂ ಕೆಲಸ ಹಚ್ಚಿ ಕಿತ್ತರೆ ಐದರಲ್ಲಿ ಮೂರು ಸಲ ಸತ್ತಿತು. ಹಳೆಯ ಯಂತ್ರವನ್ನು ಅದೇ ಜಾಗಕ್ಕೆ ತಂದು, ಅದಕ್ಕೂ ಹೊರೆ ಹಚ್ಚಿ ಐದು ಸಲ ಕಿತ್ತೆವು. ಐದೂ ಸಲ ಬದುಕಿತು. ಆಮೇಲೆ ಪರಿಚಯದವರೊಬ್ಬರಿಂದ ಆನ್‌ಲೈನ್ ಮಾದರಿಯ ಯುಪಿಎಸ್ ಎರವಲು ತಂದೆವು. ಅದು ಸದಾ ತನ್ನ ಇನ್ವರ್ಟರ್‌ನಿಂದಲೇ ಸೈನ್ ಅಲೆ ಕೊಡುತ್ತದೆ, ಹೊರಳುವ ಪ್ರಶ್ನೆಯೇ ಇಲ್ಲ. ಹತ್ತು ಸಲ ಕಿತ್ತೆವು. ಮಿಲ್ ಮೋಟಾರ್ ನಾಲ್ಕು ದಿನ ಎದ್ದಿತು, ಕೂತಿತು. ಒಂದು ಸಲವೂ ಯಂತ್ರ ಆರಲಿಲ್ಲ. ಸಂಘದ ಆಡಳಿತ ಮಂಡಳಿ ಆ ವಾರವೇ ಅಂಥದೊಂದನ್ನು ಕೊಂಡಿತು.

ನಡುವೆ ಒಂದು ವಿಷಯ ಸಿಕ್ಕಿತು, ಕ್ರ್ಯಾಶ್‌ಗೆ ಅದು ಕಾರಣವೆಂದು ನಾನು ಹೇಳಲಾರೆ, ಆದರೂ ಬರೆದಿಡುತ್ತೇನೆ. ಸಾಕೆಟ್ಟಿನಲ್ಲಿ ನ್ಯೂಟ್ರಲ್‌ಗೂ ಅರ್ಥಿಂಗ್‌ಗೂ ನಡುವೆ 9 ವೋಲ್ಟ್ ಇತ್ತು. ಎರೆಮಣ್ಣು ಬೇಸಿಗೆಯಲ್ಲಿ ಬಿರುಕು ಬಿಟ್ಟು ಕಂಬಿಯಿಂದ ದೂರ ಸರಿಯುತ್ತದೆ, ನಮ್ಮ ಕಡೆ ಕಟ್ಟಡದ ಅಡಿಪಾಯಕ್ಕೆ ಆಗುವುದೇ ಅರ್ಥಿಂಗ್ ಗುಂಡಿಗೂ ಆಗುತ್ತದೆ. ಗುಂಡಿಯ ಮುಚ್ಚಳ ತೆಗೆದಾಗ ಒಳಗೆ ಕೈ ತೂರುವಷ್ಟು ಸೀಳು. ಎಲೆಕ್ಟ್ರಿಷಿಯನ್ ಹೊಸದಾಗಿ ಇದ್ದಿಲು, ಉಪ್ಪು ತುಂಬಿ ನಾಲ್ಕು ಕೊಡ ನೀರು ಹಾಕಿದರು, ಮರುದಿನ 1.2 ವೋಲ್ಟ್. ಈಗ ಬೇಸಿಗೆಯಲ್ಲಿ ವಾರಕ್ಕೆರಡು ಸಲ ಸಿಪಾಯಿ ಕಾಕಾ ಅದಕ್ಕೆ ನೀರು ಹಾಕುತ್ತಾರೆ.

ಕೆಟ್ಟ ಸ್ಟಿಕ್ ಇರಲೇ ಇಲ್ಲ

ಎರಡನೇ ರಾಶಿ ಗಟ್ಟಿ ಕಾಯಿ. ಕರ್ನೆಲ್ ಪ್ಯಾನಿಕ್ ಆದಾಗ ಡಿಸ್ಕಿಗೆ ಬರೆಯಲು ಅದಕ್ಕೆ ಅವಕಾಶ ಸಿಗುವುದಿಲ್ಲ, ಹಾಗಾಗಿ ಕೊನೆಯ ಮಾತು ಕಳೆದುಹೋಗುತ್ತದೆ. ನೆಟ್‌ಕನ್ಸೋಲ್ ಹಚ್ಚಿ, ಕರ್ನೆಲ್‌ನ ಸಂದೇಶಗಳು ಕೇಬಲ್ ಮೇಲೆ ನೇರ ಹಳೆಯ ಯಂತ್ರಕ್ಕೆ ಹರಿಯುವಂತೆ ಮಾಡಿದೆ. ಮೂರು ಪ್ಯಾನಿಕ್‌ಗಳ ಕೊನೆಯ ಮಾತು ಸಿಕ್ಕಿತು. ಒಂದು ಫೈಲ್‌ಸಿಸ್ಟಂನಲ್ಲಿ ಸತ್ತದ್ದು, ಇನ್ನೊಂದು ನೆಟ್‌ವರ್ಕ್ ಕೋಡಿನಲ್ಲಿ, ಮೂರನೆಯದು ಮೆಮೊರಿ ಪುಟಗಳ ಲೆಕ್ಕ ಇಡುವ ಜಾಗದಲ್ಲಿ. ಡೇಟಾಬೇಸಿನ ಸಾವುಗಳೂ ಹಾಗೆಯೇ, ಪ್ರತಿ ಸಲ ಬೇರೆ ಜಾಗ. ತಂತ್ರಾಂಶದ ತಪ್ಪಾಗಿದ್ದರೆ ಅದೇ ಕಲ್ಲಿಗೆ ಮತ್ತೆ ಮತ್ತೆ ಎಡವುತ್ತದೆ. ಹೋದಲ್ಲೆಲ್ಲ ಎಡವುತ್ತಿದ್ದರೆ ಕಾಲನ್ನೇ ನೋಡಬೇಕು. ಅಂದರೆ ಮೆಮೊರಿ.

ಮೆಮೊರಿ ಎಂದು ಸರಬರಾಜುದಾರರಿಗೂ ಅನ್ನಿಸಿತ್ತು. ಅವರು ನಾಲ್ಕೂ ಸ್ಟಿಕ್ ಬದಲಿಸಿ ಕೊರಿಯರ್‌ನಲ್ಲಿ ಕಳಿಸಿದರು. ಹಾಕಿದೆವು, ಎರಡನೇ ದಿನ ಬಿತ್ತು. ಮತ್ತೆ ನಾಲ್ಕು ಕಳಿಸಿದರು, ಬೇರೆ ಕಂಪನಿಯವು. ಮೂರನೇ ದಿನ ಬಿತ್ತು. ಮೆಮ್‌ಟೆಸ್ಟ್86+ ಅನ್ನು ಶನಿವಾರ ರಾತ್ರಿ ಹಚ್ಚಿ ಭಾನುವಾರ ಸಂಜೆವರೆಗೆ ಬಿಟ್ಟೆವು, ಒಂದೂ ದೋಷ ತೋರಿಸಲಿಲ್ಲ. “ಮೆಮೊರಿ ಪಾಸ್ ಆಗಿದೆ ಸರ್, ನಿಮ್ಮ ಸಾಫ್ಟ್‌ವೇರ್ ನೋಡಿಕೊಳ್ಳಿ” ಎಂದರು. ಲಾಗ್‌ನಲ್ಲೂ ಮೆಷಿನ್ ಚೆಕ್ ದೋಷ, ಎಂದರೆ ಪ್ರೊಸೆಸರ್ ತಾನೇ ಕಂಡು ವರದಿ ಮಾಡುವ ದೋಷ, ಒಂದೂ ಇರಲಿಲ್ಲ, ಅದನ್ನೂ ಅವರು ಆಧಾರವಾಗಿ ಹೇಳಿದರು.

ಇಲ್ಲಿ ಸ್ವಲ್ಪ ನಿಂತು ಹೇಳಬೇಕು, ಯಾಕೆಂದರೆ ಇದೇ ತಪ್ಪು ತಿಳಿವಳಿಕೆಯನ್ನು ನಾನು ಮೂರು ನಾಲ್ಕು ಕಡೆ ಕೇಳಿದ್ದೇನೆ. ಸಂಘ ಕೊಟ್ಟ ಆರ್ಡರ್‌ನಲ್ಲಿ ಇಸಿಸಿ ಮೆಮೊರಿ, ಎಂದರೆ ದೋಷ ಕಂಡು ತಿದ್ದುವ ಮೆಮೊರಿ, ಎಂದಿತ್ತು. ಬಂದದ್ದು ಸಾದಾ ಡಿಡಿಆರ್5. ಕೇಳಿದರೆ “ಡಿಡಿಆರ್5ನಲ್ಲಿ ಇಸಿಸಿ ಒಳಗೇ ಬರುತ್ತದೆ” ಎಂಬ ಉತ್ತರ. ಒಳಗೆ ಬರುವುದು ನಿಜ, ಆದರೆ ಅದು ಬೇರೆ ಇಸಿಸಿ. ಡಿಡಿಆರ್5 ಚಿಪ್ಪಿನ ಒಳಗೆ ಪ್ರತಿ 128 ಬಿಟ್‌ಗೆ 8 ಬಿಟ್ ಕಾವಲು ಇರುತ್ತದೆ. ಚಿಪ್ಪಿನ ಒಳಗೇ ಒಂದು ಬಿಟ್ ಕೆಟ್ಟರೆ ಸದ್ದಿಲ್ಲದೆ ತಿದ್ದುತ್ತದೆ. ಚಿಪ್ಪಿನಿಂದ ಹೊರಟು ಪ್ರೊಸೆಸರ್ ಮುಟ್ಟುವ ದಾರಿಯಲ್ಲಿ ಕೆಟ್ಟರೆ ಅದಕ್ಕೆ ಗೊತ್ತೇ ಆಗುವುದಿಲ್ಲ. ನಿಜವಾದ ಇಸಿಸಿ ಸ್ಟಿಕ್‌ನಲ್ಲಿ ದತ್ತಾಂಶದ 64 ತಂತಿಗಳ ಜೊತೆಗೆ ಕಾವಲಿನ ತಂತಿಗಳೇ ಬೇರೆ ಇರುತ್ತವೆ, ಪರಿಶೀಲಿಸುವುದು ಪ್ರೊಸೆಸರ್‌ನ ಕಡೆಯಲ್ಲಿ. ಲಿನಕ್ಸ್‌ನಲ್ಲಿ ಡಿಎಂಐಡಿಕೋಡ್ ಎಂಬ ಆಜ್ಞೆ ಕೊಟ್ಟರೆ ಈ ದಾರಿಯ ಅಗಲ ಕಾಣುತ್ತದೆ: ದತ್ತಾಂಶ 64, ಒಟ್ಟು 72 ಎಂದಿದ್ದರೆ ಇಸಿಸಿ. ನಮ್ಮದರಲ್ಲಿ ಎರಡೂ 64. ಕಾವಲುಗಾರನೇ ಇಲ್ಲದ ಮನೆಯಲ್ಲಿ ‘ಕಳ್ಳತನದ ವರದಿ ಬಂದಿಲ್ಲ’ ಎಂದು ನಾವು ಸಮಾಧಾನಪಟ್ಟುಕೊಂಡಿದ್ದೆವು.

ಮೆಮ್‌ಟೆಸ್ಟ್ ಯಾಕೆ ಹಿಡಿಯಲಿಲ್ಲ? ಅದು ಮೆಮೊರಿಯನ್ನು ಕ್ರಮವಾಗಿ ಬರೆದು ಓದಿ ನೋಡುತ್ತದೆ, ಸತ್ತ ಚಿಪ್ ಹಿಡಿಯಲು ಅದು ಒಳ್ಳೆಯದು. ನಮ್ಮ ಯಂತ್ರ ಬೀಳುತ್ತಿದ್ದದ್ದು ಬ್ಯಾಕಪ್‌ನಲ್ಲಿ ಮತ್ತು ಸಂಜೆಯ ಪಿಗ್ಮಿ ಇಳಿಸುವಿಕೆಯಲ್ಲಿ, ಎಂದರೆ ಎಲ್ಲ ಕೋರ್, ಡಿಸ್ಕ್, ನೆಟ್‌ವರ್ಕ್ ಒಟ್ಟಿಗೆ ಮೆಮೊರಿಯನ್ನು ಜಗ್ಗುವಾಗ. ಆ ಜಗ್ಗಾಟವನ್ನು ಅನುಕರಿಸಲು ಗೂಗಲ್‌ನವರು ತಮ್ಮ ಸರ್ವರ್‌ಗಳಿಗೆ ಬರೆದು ಎಲ್ಲರಿಗೂ ಬಿಟ್ಟುಕೊಟ್ಟ ಸ್ಟ್ರೆಸ್‌ಆ್ಯಪ್‌ಟೆಸ್ಟ್ ಎಂಬ ಸಾಧನವಿದೆ. ಅದನ್ನು ಹಚ್ಚಿದೆ. 22ನೇ ನಿಮಿಷಕ್ಕೆ ಮೊದಲ ‘ಮಿಸ್‌ಕಂಪೇರ್’ ಬಂತು: ಬರೆದದ್ದೊಂದು, ಓದಿದ್ದೊಂದು, ನಡುವೆ ಒಂದೇ ಒಂದು ಬಿಟ್ ವ್ಯತ್ಯಾಸ. ತಾಸಿನಲ್ಲಿ ನಾಲ್ಕು ಬಂದವು. ಆ ಸಾಲನ್ನು ಪರದೆಯ ಮೇಲೆ ಕಂಡಾಗ ಆದ ನೆಮ್ಮದಿಯನ್ನು ಹೇಗೆ ಹೇಳಲಿ, ಮೂರು ವಾರದಿಂದ ಕಣ್ಣಿಗೆ ಬೀಳದೆ ಕಾಡುತ್ತಿದ್ದದ್ದು ಮೊದಲ ಬಾರಿ ಕರೆದಾಗ ಬಂದಿತ್ತು.

ಬೇಕಾದಾಗ ಬರುವ ದೋಷ ಸಿಕ್ಕ ಮೇಲೆ ಕೆಲಸ ಸಲೀಸು. ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡು ಸ್ಟಿಕ್ ತೆಗೆದು ಉಳಿದ ಎರಡರಲ್ಲಿ ಆರು ತಾಸು ಓಡಿಸಿದೆ, ಶುದ್ಧ. ತೆಗೆದಿದ್ದ ಎರಡನ್ನು ಹಾಕಿ, ಇವನ್ನು ತೆಗೆದು ಆರು ತಾಸು, ಅದೂ ಶುದ್ಧ. ನಾಲ್ಕೂ ಒಟ್ಟಿಗೆ ಹಾಕಿದರೆ ಅರ್ಧ ತಾಸಿನೊಳಗೆ ದೋಷ. ಅಲ್ಲಿಗೆ ಯಾವ ಸ್ಟಿಕ್ಕೂ ಕೆಟ್ಟಿಲ್ಲ ಎಂದಾಯಿತು. ಎಂಟಲ್ಲ, ಎಂಬತ್ತು ಸ್ಟಿಕ್ ಬದಲಿಸಿದ್ದರೂ ಯಂತ್ರ ಬೀಳುತ್ತಿತ್ತು.

ಯಂತ್ರದ ಮೂಲ ಸೆಟ್ಟಿಂಗ್‌ಗಳಿರುವ ಬಯಾಸ್ ತೆರೆದು ನೋಡಿದರೆ ಮೆಮೊರಿ ವೇಗವನ್ನು 5200ಕ್ಕೆ ಕೈಯಾರೆ ಕಟ್ಟಿದ್ದರು. ಈ ಪ್ರೊಸೆಸರ್ ಸರಣಿಗೆ ಎಎಂಡಿ ಪ್ರಕಟಿಸಿದ ಕೋಷ್ಟಕದಲ್ಲಿ 5200 ಇದೆ, ಎರಡು ಸ್ಟಿಕ್ ಇದ್ದರೆ. ನಾಲ್ಕು ಇದ್ದರೆ ಅದೇ ಕೋಷ್ಟಕ ಹೇಳುವುದು 3600. ಒಂದು ದಾರಿಗೆ ಎರಡು ಸ್ಟಿಕ್ ತೂಗುಹಾಕಿದಾಗ ಸಂಕೇತ ಪ್ರತಿಫಲಿಸುತ್ತದೆ, ಮಸುಕಾಗುತ್ತದೆ. ವೇಗ ಇಳಿಸಿದರೆ ಮಾತ್ರ ಸ್ಪಷ್ಟವಾಗಿ ಓದಲು ಸಮಯ ಸಿಗುತ್ತದೆ. ಜೋಡಿಸಿದವರು ಕೋಷ್ಟಕದ ಮೊದಲ ಸಾಲು ಓದಿದ್ದರು, ಕೊನೆಯ ಸಾಲು ಓದಿರಲಿಲ್ಲ. ನಾಲ್ಕೂ ಸ್ಟಿಕ್ ಇಟ್ಟುಕೊಂಡೇ 3600ಕ್ಕೆ ಇಳಿಸಿದೆ. 24 ತಾಸು ಓಡಿತು, ಒಂದೂ ದೋಷವಿಲ್ಲ. ಮತ್ತೆ 5200, ಹದಿನೆಂಟು ನಿಮಿಷಕ್ಕೆ ದೋಷ. ಮತ್ತೆ 3600, ಶುದ್ಧ. ಹೋಗಿ ಬಂದು ಎರಡು ಸಲ ನೋಡಿದ ಮೇಲೆಯೇ ನಾನು ಸರಬರಾಜುದಾರರಿಗೆ ಫೋನ್ ಮಾಡಿದ್ದು.

ಬಿಸಿಲಿಗೂ ಒಂದು ನ್ಯಾಯ ಸಿಗಲಿ ಎಂದು ಒಂದು ಭಾನುವಾರ ಮಧ್ಯಾಹ್ನ ಎಸಿ ಆರಿಸಿ, 3600ರಲ್ಲಿ ಪೂರ್ತಿ ಹೊರೆ ಹಚ್ಚಿ ಎರಡು ತಾಸು ಪಕ್ಕದಲ್ಲೇ ಕೂತೆ. ಒಳಗೆ ಹೋಗುವ ಗಾಳಿ 36 ಡಿಗ್ರಿ ಮುಟ್ಟಿತು, ನನ್ನ ಅಂಗಿ ಬೆನ್ನಿಗಂಟಿತು. ಫ್ಯಾನುಗಳು ಕೂಗಿದವು. ದೋಷ ಸೊನ್ನೆ.

ಲೆಕ್ಕ ಸರಿ ಇದೆಯೇ

ಯಂತ್ರ ಬೀಳುವುದು ನಿಂತಿತು ಎಂದು ಎಲ್ಲರೂ ಉಸಿರು ಬಿಟ್ಟರೂ ನನಗೆ ನಿದ್ದೆ ಬರಲಿಲ್ಲ. ಬಿಟ್ ಹೊರಳಿ ಪ್ರೋಗ್ರಾಂ ಸತ್ತದ್ದು ಎಂಟು ಸಲ. ಬಿಟ್ ಹೊರಳಿಯೂ ಪ್ರೋಗ್ರಾಂ ಸಾಯದೆ, ತಪ್ಪು ಅಂಕಿಯನ್ನೇ ಡಿಸ್ಕಿಗೆ ಬರೆದದ್ದು ಎಷ್ಟು ಸಲ? ಕ್ರ್ಯಾಶ್ ಕಾಣುತ್ತದೆ. ಇದು ಕಾಣುವುದಿಲ್ಲ, ಹಾಗಾಗಿ ಇದೇ ಹೆಚ್ಚು ಕೆಟ್ಟದ್ದು. ರಾತ್ರಿಯ ಬ್ಯಾಕಪ್‌ಗಳೂ ಇದೇ ಮೆಮೊರಿಯ ಮೂಲಕ ಹಾದವು. ಅವುಗಳ ಜಿಜಿಪ್ ಫೈಲುಗಳನ್ನು ಹಳೆಯ ಯಂತ್ರದ ಮೇಲೆ ಪರೀಕ್ಷಿಸಿದಾಗ ಎರಡು ರಾತ್ರಿಗಳದ್ದು ಸಿಆರ್‌ಸಿ, ಎಂದರೆ ಫೈಲ್ ಕೆಟ್ಟಿಲ್ಲವೆಂದು ನೋಡುವ ಅಂಕಿ, ತಾಳೆಯಾಗಲಿಲ್ಲ. ಅಂದು ಡಿಸ್ಕ್ ಕೂಡ ಕೈಕೊಟ್ಟಿದ್ದರೆ ಆ ಎರಡು ದಿನಗಳ ವಸೂಲಿಗೆ ಕಾಗದವಷ್ಟೇ ಗತಿ.

ಉಳಿದವುಗಳಲ್ಲಿ ಒಂದನ್ನು ಹಳೆಯ ಯಂತ್ರದಲ್ಲಿ ಬಿಚ್ಚಿ, ಅದನ್ನೂ ಚಾಲೂ ಇರುವ ಡೇಟಾಬೇಸನ್ನೂ ಪೋಸ್ಟ್‌ಗ್ರೆಸ್‌ನ ಪರಿಶೀಲನಾ ಸಾಧನ ಪಿಜಿ ಆಮ್‌ಚೆಕ್‌ನಿಂದ ಜಾಲಾಡಿದೆ. ಎರಡು ಇಂಡೆಕ್ಸ್ ಕೆಟ್ಟಿದ್ದವು, ಹೊಸದಾಗಿ ಕಟ್ಟಿದೆ. ಅದು ಯಂತ್ರ ಮಾಡಬಲ್ಲ ಪರಿಶೀಲನೆ. 100 ಎಂಬ ಅಂಕಿ 228 ಆಗಿದ್ದರೆ ಅದು ಯಾವ ಸಾಧನಕ್ಕೂ ತಪ್ಪಾಗಿ ಕಾಣದು. ಅದಕ್ಕೆ ಉಳಿದ ದಾರಿ ಕಾಗದ. ಕ್ಯಾಷಿಯರ್ ಅಕ್ಕ, ಇಬ್ಬರು ಗುಮಾಸ್ತರು, ನಾನು ಮೂರು ದಿನ ಸಂಜೆ ಏಳರಿಂದ ಕೂತೆವು. ಅಕ್ಕ ಏಜೆಂಟರ ರಸೀದಿಯ ಕಾರ್ಬನ್ ಪ್ರತಿ ಹಿಡಿದು ಖಾತೆ ಸಂಖ್ಯೆ, ಮೊತ್ತ ಓದುವುದು, ನಾವು ಪರದೆಯಲ್ಲಿ ನೋಡಿ ‘ಬರೋಬರಿ’ ಅನ್ನುವುದು. ಬೆರಳಿಗೆ ಕಾರ್ಬನ್ನಿನ ನೀಲಿ ಹತ್ತಿ ಅವರ ಚಹಾದ ಲೋಟದ ಅಂಚಿಗೂ ಹತ್ತಿತ್ತು. ಎರಡನೇ ಸಂಜೆ ಒಂದು ಕಡೆ ಅವರು ನಿಂತರು. ರಸೀದಿಯಲ್ಲಿ 50, ಪರದೆಯಲ್ಲಿ ಆ ದಿನ ಆ ಖಾತೆಗೆ ಏನೂ ಇಲ್ಲ. ಮೋಂಢಾದಲ್ಲಿ ಕಾಳು ಹಸನು ಮಾಡುವ ಒಬ್ಬ ಹೆಣ್ಣುಮಗಳ ಖಾತೆ. ಇಂಥವು ಒಟ್ಟು ಏಳು ಸಿಕ್ಕವು, ಏಳೂ ಒಂದೇ ಸಂಜೆ 6:20ರ ಕ್ರ್ಯಾಶ್‌ನ ಸುತ್ತಮುತ್ತ ಇಳಿಸುವಾಗ ಅರ್ಧಕ್ಕೆ ನಿಂತವು. ಮೊತ್ತವೇ ಬದಲಾದ ನಮೂದು ಒಂದೂ ಸಿಗಲಿಲ್ಲ. ಏಳನ್ನೂ ವೋಚರ್ ಹಾಕಿ ಜಮಾ ಮಾಡಿ, ಏಳು ಮಂದಿಗೂ ಏಜೆಂಟರ ಕೈಯಲ್ಲಿ ಹೇಳಿಕಳಿಸಿದೆವು.

ಸರಬರಾಜುದಾರರು ಕೊನೆಗೆ ತಕರಾರು ಮಾಡಲಿಲ್ಲ. 5200, 3600, 5200, 3600ರ ನಾಲ್ಕು ಫಲಿತಾಂಶಗಳನ್ನೂ ಡಿಎಂಐಡಿಕೋಡ್‌ನ ಅಗಲದ ಸಾಲನ್ನೂ ಒಂದೇ ಪುಟದಲ್ಲಿ ಕಳಿಸಿದ್ದೆ. ಆ ಪುಟದಲ್ಲಿ ಆಪಾದನೆಯ ಒಂದು ಮಾತೂ ಬರೆಯಲಿಲ್ಲ, ಅಂಕಿಗಳಷ್ಟೇ. ನಾಲ್ಕು ಸಾದಾ ಸ್ಟಿಕ್ ವಾಪಸ್ ಪಡೆದು 32 ಜಿಬಿಯ ಎರಡು ಇಸಿಸಿ ಸ್ಟಿಕ್ ಕೊಟ್ಟರು. ಸಂಘದ ಕೆಲಸಕ್ಕೆ 20 ಜಿಬಿ ಕೂಡ ಬೇಕಿರಲಿಲ್ಲ. 128 ಎಂಬುದು ಕೊಟೇಶನ್‌ನಲ್ಲಿ ದೊಡ್ಡದಾಗಿ ಕಾಣಲಿ ಎಂದು ಸೇರಿದ ಅಂಕಿ. ಬಿಎಂಸಿಯ ಗಡಿಯಾರ ಸರಿಪಡಿಸಿದೆ. ಮೆಮೊರಿ ದೋಷಗಳನ್ನು ಎಣಿಸುವ ರಾಸ್‌ಡೀಮನ್ ಹಾಕಿದೆ, ಒಂದು ದೋಷ ತಿದ್ದಿದರೂ ನನ್ನ ಫೋನಿಗೆ ಸಂದೇಶ ಬರುತ್ತದೆ. ರಾತ್ರಿಯ ಬ್ಯಾಕಪ್ ಮುಗಿದ ಕೂಡಲೇ ಹಳೆಯ ಯಂತ್ರ ಅದನ್ನು ಎಳೆದುಕೊಂಡು ತಾನೇ ಬಿಚ್ಚಿ ನೋಡುತ್ತದೆ.

ಸಂದೇಶ ಇದುವರೆಗೆ ಒಂದು ಬಂದಿದೆ, ಜುಲೈನ ಒಂದು ಮಳೆಯ ಸಂಜೆ: ತಿದ್ದಿದ ದೋಷ, ಒಂದು. ಏಜೆಂಟರು ಆಗ ಸಾಲಿನಲ್ಲಿ ನಿಂತಿದ್ದರು, ಯಾರಿಗೂ ಏನೂ ಗೊತ್ತಾಗಲಿಲ್ಲ. ನೋಟ್‌ಬುಕ್ ಈಗಲೂ ಅಕ್ಕನ ಮೇಜಿನ ಮೇಲೇ ಇದೆ. ಅದರ ಹನ್ನೊಂದನೇ ಸಾಲು, ಮಧ್ಯಾಹ್ನ 12:50, ಪರದೆ ನಿಂತಿತು, ಲಾಗ್ ಇಲ್ಲ, ಬಿಎಂಸಿಯಲ್ಲೂ ಏನಿಲ್ಲ. ಆ ಸಾಲಿನ ಕಾರಣದ ಕಾಲಂ ಖಾಲಿ ಬಿಟ್ಟಿದ್ದೇವೆ.